ಬಾಣಂತಿ ಹುಲ್ಲು

ಮೊದಲೇ ಹೇಳಿಬಿಡ್ತೀನಿ, ನಾನು ಯಾರನ್ನೂ ಸುಲಭಕ್ಕೆ ನಂಬೋಳಲ್ಲ. ಹಾಲು ಕೊಟ್ಟರೂ ಮೂಸಿ ನೋಡ್ತೀನಿ, ಮಾತು ಕೊಟ್ಟರೂ ಮೂಸಿ ನೋಡ್ತೀನಿ. ಅದಕ್ಕೇ ನಮ್ಮ ಓಣಿಯಲ್ಲಿ ನನಗೆ ಮೂಸಿ ಅಂತ ಹೆಸರಿಟ್ಟಿದಾರೆ. ಕಟ್ಟಿಕೊಂಡ ಗಂಡನೂ ಹಾಗೇ ಕರೀತಾನೆ. ಕರೀಲಿ ಬಿಡಿ, ನನಗೇನೂ ಬೇಜಾರಿಲ್ಲ.

ನಮ್ಮ ಓಣಿ ಪಟ್ಟಣದ ಬೆನ್ನಿಗೆ ಅಂಟಿಕೊಂಡಿದೆ. ಮುಂದೆ ಗೋಡೌನುಗಳು, ಹಿಂದೆ ಕೊಳಕು ಕಾಲುವೆ, ಕಾಲುವೆ ದಾಟಿದರೆ ಬಯಲು. ಬಯಲು ಅಂದರೆ ಹುಲ್ಲು. ಆಳೆತ್ತರದ ಹುಲ್ಲು, ತುದಿಗೆ ನವಿರಾದ ತೆನೆ. ನೀವು ಮನೆ ಗುಡಿಸೋ ಪೊರಕೆ ಇದೆಯಲ್ಲ, ಅದು ಆ ತೆನೆಯೇ. ಕೊಯ್ಯೋರು ನಾವು ಹೆಂಗಸರು, ಕಟ್ಟೋರು ನಮ್ಮ ಗಂಡಸರು. ಹುಲ್ಲಿನ ಅಂಚು ಬ್ಲೇಡಿನ ಹಾಗೆ. ಅಂಗೈ ಸೀಳುತ್ತೆ, ಸೀಳಿದ ಮೇಲೆ ಬೆವರು ಇಳಿದರೆ ಜೀವ ಹೋಗಿ ಬರುತ್ತೆ. ತೆನೆಯ ಧೂಳು ಗಂಟಲಲ್ಲಿ ಕೂತು ಮಲಗಿದಾಗೆಲ್ಲ ಕೆಮ್ಮು. ನನ್ನ ಗಂಡ ಹುರಿಯನ್ನ ಹಲ್ಲಲ್ಲಿ ಕಚ್ಚಿ ಎಳೆದೂ ಎಳೆದೂ ಮುಂದಿನ ಹಲ್ಲು ಅರ್ಧ ಸವೆದುಹೋಗಿದೆ. ನಕ್ಕರೆ ಮುದುಕನ ಹಾಗೆ ಕಾಣ್ತಾನೆ. ನಗೋದೂ ಅಪರೂಪ.

ಬಯಲಿಗೆ ಯಜಮಾನ ಅಂತ ಯಾರೂ ಇಲ್ಲ. ಯಾರು ಬೇಕಾದರೂ ಕುಡುಗೋಲು ಹಿಡಿದು ಬರಬಹುದು. ಹಾಗಂತ ಹೇಗೆ ಬೇಕಾದರೂ ಕೊಯ್ಯೋ ಹಾಗಿಲ್ಲ. ಪ್ರತಿ ವರ್ಷ ಒಂದು ಮಗ್ಗುಲನ್ನ ಮುಟ್ಟದೆ ಬಿಡ್ತೀವಿ. ಹೋದ ವರ್ಷ ಚೆನ್ನಾಗಿ ಕೊಟ್ಟ ಮಗ್ಗುಲು ಈ ವರ್ಷ ಬಾಣಂತಿ. ಹಾಗಂತಲೇ ಕರೆಯೋದು. "ಕಾಲುವೆ ಮಗ್ಗುಲು ಬಾಣಂತಿ ಕಣ್ರೇ" ಅಂತ ನನ್ನ ಅತ್ತೆ ಒಂದು ಸಲ ಬಾಯಿಬಿಟ್ಟರೆ ಮುಗೀತು. ಅಲ್ಲಿ ಕುಡುಗೋಲೂ ಇಲ್ಲ, ಕಾಲೂ ಇಲ್ಲ. ಬೀಜ ಉದುರಬೇಕು, ಬೇರು ಸುಧಾರಿಸಿಕೊಳ್ಳಬೇಕು. ಯಾವಳಾದರೂ ಆಸೆಬುರುಕಿ ಕದ್ದು ಕೊಯ್ದರೆ ಅವಳನ್ನ ಹೊಡೆಯಲ್ಲ, ಬಯ್ಯಲ್ಲ. ಅವಳ ಹೊರೆಯನ್ನ ತಲೆಗೆ ಎತ್ತಿಕೊಡಲ್ಲ, ಅಷ್ಟೇ. ಆ ಭಾರ ಒಬ್ಬಳಿಂದ ತಲೆಗೆ ಏರಲ್ಲ. ಕೂತು ಅತ್ತು, ಅಲ್ಲೇ ಬಿಟ್ಟು ಬರ್ತಾಳೆ. ಮಾರನೇ ವರ್ಷ ಬುದ್ಧಿ ಬಂದಿರುತ್ತೆ.

ಹೀಗೇ ನಡೀತಿತ್ತು. ಆಮೇಲೆ ಲಾರಿ ಬಂದವು.

ಎಲ್ಲಿಯವರೋ ಏನೋ. ಯಂತ್ರ ತಂದರು. ಬಾಣಂತಿ ಇಲ್ಲ, ಬಸುರಿ ಇಲ್ಲ, ಬೇರು ಸಮೇತ ಬಾಚಿ ಲಾರಿಗೆ ತುಂಬಿದರು. ಅಡ್ಡ ನಿಂತೆವು. ಡ್ರೈವರು ಹಾರ್ನು ಹೊಡೆದು ನಕ್ಕ. ಇವರಿಗೆ ಏನು ಶಿಕ್ಷೆ ಕೊಡ್ತೀರಿ? ಹೊರೆ ಎತ್ತಿಕೊಡಲ್ಲ ಅಂದರೆ ಅವರಿಗೇನು, ಯಂತ್ರವೇ ಎತ್ತುತ್ತೆ. ಅತ್ತೆ ಬಯಲಿನ ಅಂಚಲ್ಲಿ ಕುಕ್ಕರಗಾಲಲ್ಲಿ ಕೂತು, ಕಿತ್ತ ಬೇರನ್ನ ಒಂದೊಂದೇ ಎತ್ತಿ ಮತ್ತೆ ಮಣ್ಣಿಗೆ ಒತ್ತುತ್ತಿದ್ದಳು. ಅವು ಹಿಡಿಯಲಿಲ್ಲ.

ಲಾರಿಯ ಹಿಂದೆಯೇ ಸಾಹೇಬ ಬಂದ. ಹೊಸ ಬೂಟು, ಬಾಯ್ತುಂಬ ನಗು. ಅವನಿಗೆ ನಗು ಸಾಹೇಬ ಅಂತ ನಾನೇ ಹೆಸರಿಟ್ಟೆ. ಲಾರಿ ಹೋದ ತಕ್ಷಣ ಸಾಹೇಬ ಹೇಗೆ ಬಂದ? ನೆಲ ನೋಡಿಕೊಳ್ಳೋ ಕಚೇರಿಯವನಂತೆ. ಇಷ್ಟು ವರ್ಷ ಅಂಥ ಕಚೇರಿ ಎಲ್ಲಿತ್ತು? ಲಾರಿ ಕಳಿಸಿದ್ದೂ ಅವರೇ ಅಂತ ನನಗೆ ಈಗಲೂ ಅನುಮಾನ. ಸಾಕ್ಷಿ ಇಲ್ಲ, ಹಾಗಂತ ಅನುಮಾನ ಹೋಗಿಲ್ಲ.

ನಮ್ಮನ್ನೆಲ್ಲ ಒಂದು ಗೋಡೌನಲ್ಲಿ ಕೂರಿಸಿದ. ಚಹಾ ಕೊಟ್ಟ, ಬಿಸ್ಕತ್ತು ಕೊಟ್ಟ. ನಾನು ಬಿಸ್ಕತ್ತು ಮೂಸಿ ಪಕ್ಕಕ್ಕಿಟ್ಟೆ.

"ಯಜಮಾನ ಇಲ್ಲದ ನೆಲ ಇದು," ಅಂದ. "ಇಂಥ ನೆಲದ ಕಥೆ ಎಲ್ಲಾ ಕಡೆ ಒಂದೇ. ಬಾಚಿಕೊಳ್ಳೋರು ಎಲ್ಲರೂ, ಉಳಿಸೋರು ಯಾರೂ ಇಲ್ಲ. ಸುಸ್ಥಿರ ನಿರ್ವಹಣೆ ಆಗಬೇಕು."

"ಹಾಗಂದ್ರೆ?" ಅತ್ತೆ ಕೇಳಿದಳು.

"ಬಿಡೋದು ಅಮ್ಮಾ. ಮೂರು ವರ್ಷ ಪೂರ್ತಿ ಬಯಲನ್ನ ಮುಟ್ಟದೆ ಬಿಡೋದು. ಲಾರಿ ಬರದ ಹಾಗೆ ಸುತ್ತ ಅಗಳು ತೋಡಿಸ್ತೀವಿ, ಕಾವಲು ಇಡ್ತೀವಿ. ಹುಲ್ಲು ಚೇತರಿಸಿಕೊಳ್ಳಲಿ."

ಅತ್ತೆಯ ಮುಖ ಅರಳಿತು. "ಅಯ್ಯೋ, ಅದು ಬಾಣಂತಿ ಬಿಡೋದಲ್ವೇನಪ್ಪಾ!"

ಅದೇನು ಅಂತ ಸಾಹೇಬ ಕೇಳಿದ. ಅತ್ತೆ ಹೇಳಿದಳು, ನಾನು ನಿಮಗೆ ಹೇಳಿದ ಹಾಗೇ. ಸಾಹೇಬ ಎದ್ದು ನಿಂತುಬಿಟ್ಟ. ತನ್ನ ಜೊತೆಯವರನ್ನ ಕರೆದ, ಇನ್ನೊಂದು ಸಲ ಹೇಳಿಸಿದ, ಮೊಬೈಲಲ್ಲಿ ಹಿಡಿದುಕೊಂಡ. "ಬಾಣಂತಿ! ಎಂಥಾ ಮಾತು! ನೀವೇ ಈ ನೆಲದ ತಾಯಿ" ಅಂದ. ಅತ್ತೆಯನ್ನ ತನ್ನ ಕುರ್ಚಿಯಲ್ಲಿ ಕೂರಿಸಿದ. ಅವಳ ಜನ್ಮದಲ್ಲಿ ಯಾರೂ ಅವಳಿಗೆ ಕುರ್ಚಿ ಕೊಟ್ಟಿರಲಿಲ್ಲ. ತುದಿಯಲ್ಲಿ ಕೂತಿದ್ದಳು, ಬಿದ್ದುಬಿಡೋ ಹಾಗೆ.

ನಾನು ಎದ್ದೆ. "ಮೂರು ವರ್ಷ ಆದಮೇಲೆ?"

"ಆದಮೇಲೆ ಎಲ್ಲರೂ ಕೂತು ಮಾತಾಡೋಣ."

ಕೂತು ಮಾತಾಡೋಣ. ಅದು ನನ್ನ ಮೂಗಿಗೆ ಹೊಡೀತು. ನಿಮ್ಮ ಹುಲ್ಲು ನೀವು ಕೊಯ್ಕೊಳ್ಳಿ ಅಂತ ಯಾಕೆ ಹೇಳಲಿಲ್ಲ? ಮನೆಗೆ ಬಂದು ಅತ್ತೆಗೆ ಹೇಳಿದೆ, "ಮೂರು ವರ್ಷದ ಬಾಣಂತನ ಎಲ್ಲಾದ್ರೂ ಕೇಳಿದೀಯಾ? ಅದೂ ಪೂರ್ತಿ ಬಯಲಿಗೆ?"

"ಬೇರು ಕಿತ್ತಿದಾರೆ ಕಣೇ. ಕಾಯಿಲೆ ಬಿದ್ದ ಬಾಣಂತಿ. ಹೆಚ್ಚು ದಿನ ಬೇಕು."

"ಅವನು ನಿನಗೆ ಬೆಣ್ಣೆ ಹಚ್ಚಿದಾನೆ."

"ನಿನಗೆ ಯಾರು ಒಳ್ಳೇ ಮಾತಾಡಿದರೂ ಹೊಟ್ಟೆ ಕಿವುಚುತ್ತೆ," ಅಂದಳು ಅತ್ತೆ. "ಓದಿದೋನು ಒಬ್ಬನಾದರೂ ನಮ್ಮ ಮಾತು ಆಡಿದ. ಬಾಯಿ ಮುಚ್ಚು." ಮುಚ್ಚಿದೆ. ವಾಸನೆ ಬರ್ತಿತ್ತು, ಎಲ್ಲಿಂದ ಅಂತ ಮಾತ್ರ ಗೊತ್ತಾಗಲಿಲ್ಲ.

ಅಗಳು ತೋಡಿದರು. ತೋಡಿದವರು ನಾವೇ. ಸಾಹೇಬ ಕೊಟ್ಟ ಗುದ್ದಲಿ, ನಮ್ಮ ಸೊಂಟ. ನಾವು ದಾಟದ ಹಾಗೆ ನಾವೇ ಅಗೆದೆವು. ಆಗ ಅದು ಹೊಳೀಲಿಲ್ಲ, ಲಾರಿಗೆ ಅಂತಲೇ ಅಂದುಕೊಂಡಿದ್ದೆವು.

ಕಾವಲಿಗೆ ನನ್ನ ನಾದಿನಿಯನ್ನ ಇಟ್ಟುಕೊಂಡರು. ನನ್ನ ಗಂಡನ ತಂಗಿ, ಗಂಡನನ್ನ ಬಿಟ್ಟು ಬಂದು ನಮ್ಮ ಜೊತೆಗೇ ಇದ್ದೋಳು. ಅವಳಿಗೆ ಒಂದು ಖಾಕಿ ಕೋಟು, ಒಂದು ಶಿಳ್ಳೆ. ಕೋಟು ಇನ್ನಿಬ್ಬರು ಹಿಡಿಸೋಷ್ಟು ದೊಡ್ಡದು. ಅದನ್ನ ಹಾಕಿಕೊಂಡ ದಿನದಿಂದ ಅವಳ ನಡಿಗೆಯೇ ಬದಲಾಯಿತು. ತಲೆ ಎತ್ತಿ ನಡೆಯೋಳು. ನನಗೆ ಅದೂ ಅನುಮಾನ.

ನಮ್ಮ ಹೊಟ್ಟೆಪಾಡು ಏನಾಯ್ತು ಅಂತ ಯಾರೂ ಕೇಳಬೇಡಿ. ಗಂಡ ಗೋಡೌನಲ್ಲಿ ಮೂಟೆ ಇಳಿಸೋಕೆ ಹೋದ. ಕೂತು ಕಟ್ಟೋ ಕೈ, ಮೂಟೆಗೆ ಬಗ್ಗಲಿಲ್ಲ, ಬೆನ್ನು ಹಿಡಿದುಕೊಂಡಿತು. ನಾನು ಆ ಸಾಹೇಬನದೇ ಕಚೇರಿ ಇರೋ ಕಟ್ಟಡದಲ್ಲಿ ನೆಲ ಒರೆಸೋಕೆ ಸೇರಿದೆ. ಅಲ್ಲಿ ಗುಡಿಸೋಕೆ ಪ್ಲಾಸ್ಟಿಕ್ ಪೊರಕೆ. ಪೊರಕೆ ಮಾಡೋರ ಮನೆಯವಳ ಕೈಗೆ ಪ್ಲಾಸ್ಟಿಕ್ ಪೊರಕೆ ಕೊಟ್ಟು, ಮೂಲೆ ಸರಿಯಾಗಿ ಗುಡಿಸು ಅಂತಿದ್ದ ಮೇಸ್ತ್ರಿ. ಅದು ಕಸ ಎತ್ತಲ್ಲ, ಆ ಕಡೆಯಿಂದ ಈ ಕಡೆಗೆ ತಳ್ಳುತ್ತೆ. ಮಂಡಿಯೂರಿ ಒರೆಸಿ ಒರೆಸಿ ಮಂಡಿ ಕಪ್ಪಾಗಿ ದಡ್ಡುಗಟ್ಟಿತು. ನಗು ಸಾಹೇಬನ ಮೇಜಿನ ಕೆಳಗೆ ಒರೆಸುವಾಗ ಅವನು ಕಾಲು ಎತ್ತುತ್ತಿದ್ದ. ಒಂದು ದಿನವೂ ತಲೆ ಬಗ್ಗಿಸಿ, ಇವಳು ಯಾರು ಅಂತ ನೋಡಲಿಲ್ಲ.

ಈ ಮೂರು ವರ್ಷ ನಾವು ಏನು ಮಾಡಿದೆವು ಗೊತ್ತಾ? ಒಬ್ಬರನ್ನೊಬ್ಬರು ಕಾದೆವು. ಅವಳ ಅಂಗಳದಲ್ಲಿ ಒಂದು ತೆನೆ ಕಂಡರೆ ಇವಳು ಕೇಳೋಳು, ಎಲ್ಲಿಂದ ಬಂತು? ಇವಳ ಅಂಗೈಯಲ್ಲಿ ಗೀರು ಕಂಡರೆ ಅವಳು ಕೇಳೋಳು, ಹೇಗಾಯ್ತು? ಬಾಣಂತಿಯ ಮಾತು, ಯಾರೂ ಮುರಿಯಬಾರದು. ಎಲ್ಲರ ಕಣ್ಣೂ ಎಲ್ಲರ ಮೇಲೆ. ನನ್ನ ಕಣ್ಣು ನಾದಿನಿಯ ಮೇಲೆ. ಇವಳು ಯಾರಿಂದಲೋ ಕೈಬೆಚ್ಚಗೆ ಮಾಡಿಕೊಂಡು ಕದ್ದು ಕೊಯ್ಯೋಕೆ ಬಿಡ್ತಿದಾಳೆ ಅಂತ ನನ್ನ ತಲೆಗೆ ಹೊಕ್ಕಿತು. ಒಂದು ಬೆಳಗ್ಗೆ ಕಾಲುವೆಯ ಏರಿ ಹಿಂದೆ ಅಡಗಿ ಕೂತೆ.

ಅವಳು ಬಂದಳು. ಅಗಳಿನ ಗುಂಟ ನಡೆದಳು. ಬಗ್ಗಿ ಮುಳ್ಳುಗಿಡ ಕಿತ್ತಳು, ಗಾಳಿಗೆ ಹಾರಿಬಂದ ಪ್ಲಾಸ್ಟಿಕ್ ಚೀಲ ಆರಿಸಿ ಕೋಟಿನ ಜೇಬಿಗೆ ತುರುಕಿದಳು. ಒಂದು ಕಡೆ ನಿಂತು ಹುಲ್ಲಿನ ಜೊತೆ ಏನೋ ಮಾತಾಡಿದಳು. ಅಷ್ಟರಲ್ಲಿ ನನಗೆ ಹಾಳು ಕೆಮ್ಮು ಬಂತು.

"ಅತ್ತಿಗೆ? ಅಲ್ಲೇನು ಮಾಡ್ತಿದೀಯ?" ಅಂದಳು. ಆಮೇಲೆ ಅವಳಿಗೇ ಹೊಳೀತು. "ನನ್ನನ್ನ ಕಾಯ್ತಿದೀಯಾ? ನಾನು ಕಳ್ಳೀನಾ?"

"ಕೋಟು ಹಾಕಿದವರನ್ನ ನಾನು ನಂಬಲ್ಲ."

"ನನ್ನ ಬಾಯಿಗೆ ಮಣ್ಣು ಹಾಕು ಹಾಗಾದ್ರೆ," ಅಂದಳು. ಅವತ್ತಿನಿಂದ ನನ್ನ ಜೊತೆ ಮಾತು ಬಿಟ್ಟಳು. ಒಂದೇ ಮನೆ, ಒಂದೇ ಒಲೆ. ತಟ್ಟೆ ನನ್ನ ಮುಂದೆ ಕುಕ್ಕಿ ಹೋಗೋಳು.

ಮೂರನೇ ವರ್ಷದ ತೆನೆ ಬಿಟ್ಟಿತು. ಈ ಬೀಜ ಉದುರಿದರೆ ಮಾತು ತೀರುತ್ತೆ, ಕುಡುಗೋಲು ಮಸೆಯಬಹುದು ಅಂತ ಓಣಿಯಲ್ಲಿ ಗೆಲುವು. ಕಾಲುವೆಯ ಈಚೆ ನಿಂತು ಎಲ್ಲರೂ ನೋಡೋರು. ಅಂಥಾ ಹುಲ್ಲು ನಾನು ಹುಟ್ಟಿದಾಗಿಂದ ಕಂಡಿರಲಿಲ್ಲ, ಸುಳ್ಳು ಹೇಳಲ್ಲ.

ಆ ವಾರವೇ ಒಂದು ಮಧ್ಯಾಹ್ನ ಕಚೇರಿಯ ಮೀಟಿಂಗ್ ರೂಮಲ್ಲಿ ಚಹಾ ಚೆಲ್ಲಿತು ಅಂತ ನನ್ನನ್ನ ಕರೆದರು. ಒಳಗೆ ಕತ್ತಲೆ ಮಾಡಿ ಗೋಡೆಗೆ ಚಿತ್ರ ಬಿಟ್ಟಿದ್ದರು. ನಾನು ಮೇಜಿನ ಕೆಳಗೆ ತೂರಿದೆ.

"ಇದು ಮೂರು ವರ್ಷದ ಹಿಂದೆ ಮೇಲಿನಿಂದ ತೆಗೆದದ್ದು," ನಗು ಸಾಹೇಬನ ದನಿ. "ಎಷ್ಟು ಕಾಲುದಾರಿ ನೋಡಿ, ಜೇಡರಬಲೆ ಥರ. ಇದು ಈ ವಾರದ್ದು. ಒಂದೇ ಒಂದು ಕಾಲುದಾರಿ ತೋರಿಸಿ ನೋಡೋಣ?"

ಯಾರೋ ನಕ್ಕರು. ಇಲ್ಲ ಅಂದರು.

"ಜನ ತಾವಾಗೇ ಕೈಬಿಟ್ಟಿದಾರೆ. ಒತ್ತಾಯ ಇಲ್ಲ, ಗಲಾಟೆ ಇಲ್ಲ. ಕಾವಲಿನವಳನ್ನ ದಿನಾ ಸಂಜೆ ಕೇಳ್ತೀವಿ, ಒಬ್ಬರೂ ಬಂದಿಲ್ಲ ಅಂತಾಳೆ. ಅವಳೂ ಅದೇ ಓಣಿಯವಳು. ಮೂರು ವರ್ಷ ಬಳಕೆ ಇಲ್ಲದ ನೆಲ ಅಂದಮೇಲೆ ಕಂಪನಿಗೆ ಕೊಡೋಕೆ ಏನೂ ಅಡ್ಡಿ ಇಲ್ಲ. ಸುತ್ತ ಗೋಡೆ, ಒಳಗೆ ಸಾಲುಮರ. ನಾಳೆ ಬೆಳಗ್ಗೆ ಮೇಲಿನ ಕಚೇರಿಯ ಮೇಡಂ ಬಂದು ಕಣ್ಣಾರೆ ನೋಡಿ ಹೂಂ ಅಂದರೆ ಆಯ್ತು."

ನಾನು ಮೇಜಿನ ಕೆಳಗೆ ಬಟ್ಟೆ ಹಿಂಡುತ್ತಾ ಇದ್ದೆ. ಹಿಂಡುತ್ತಲೇ ಇದ್ದೆ. ಬಿಟ್ಟಿದ್ದಕ್ಕೆ ಬಿಟ್ಟುಹೋದರು ಅಂತಿದಾರೆ. ಕಾಲಿಡಲಿಲ್ಲ, ಅದಕ್ಕೆ ಕಾಲುದಾರಿ ಇಲ್ಲ. ಕದಿಯಲಿಲ್ಲ, ಅದಕ್ಕೆ ನಮ್ಮದಲ್ಲ. ನಮ್ಮಲ್ಲಿ ಒಬ್ಬರಾದರೂ ಮಾತಿಗೆ ತಪ್ಪಿದ್ದರೆ ನೆಲ ಉಳೀತಿತ್ತು. ಸಾಹೇಬ ಕಾಲು ಎತ್ತಿದ, ಒರೆಸಲಿ ಅಂತ. ನಾನು ಒರೆಸಲಿಲ್ಲ. ಬಕೀಟು ಅಲ್ಲೇ ಬಿಟ್ಟು ಎದ್ದು ಬಂದೆ.

ಮನೆಯಲ್ಲಿ ಎಲ್ಲರ ಮುಂದೆ ಹೇಳಿದೆ. ಗಂಡ ಗೋಡೆಗೆ ಒರಗಿ ಕೂತಿದ್ದ. ಅತ್ತೆ ನಂಬಲಿಲ್ಲ. "ನೀನು ತಪ್ಪು ಕೇಳಿಸಿಕೊಂಡಿದೀಯ. ನೆಲದ ತಾಯಿ ಅಂದೋನು ಅವನು."

"ತಾಯಿ ಅಂದು ತಲೆ ಸವರಿದ, ಕುತ್ತಿಗೆ ಕೊಯ್ದ! ನಾಳೆ ಎಲ್ಲರೂ ಇಳಿದು ಕೊಯ್ಯಬೇಕು. ಮೇಡಂ ಕಣ್ಣಿಗೆ ಬೀಳಬೇಕು, ಇಲ್ಲಿ ಜನ ಇದಾರೆ ಅಂತ."

"ಬೀಜ ಇನ್ನೂ ಹಾಲು ಕಣೇ," ಅಂದಳು ಅತ್ತೆ. "ಈಗ ಕುಡುಗೋಲು ಹಾಕಿದರೆ ಬೇರು ಸೊರಗುತ್ತೆ. ಹಸಿ ತೆನೆ ಕೊಳೆತುಹೋಗುತ್ತೆ, ಪೊರಕೆಗೂ ಬರಲ್ಲ, ಬೀಜಕ್ಕೂ ಬರಲ್ಲ. ಬಾಣಂತಿಯನ್ನ ಕೊಯ್ಯೋಕೆ ನಾನು ಹೇಳಲ್ಲ. ನಾನು ಸತ್ತಮೇಲೆ ಕೊಯ್ಕೊಳ್ಳಿ."

ನಾನು ನಾದಿನಿಯ ಕಡೆ ತಿರುಗಿದೆ. "ನಿನಗೆ ಎಲ್ಲಾ ಗೊತ್ತಿತ್ತು. ದಿನಾ ಸಂಜೆ ಅವನ ಕಿವಿಗೆ ಊದುತ್ತಿದ್ದೆ."

ಅವಳು ಕೋಟು ಬಿಚ್ಚಿ ಮಡಿಲಲ್ಲಿ ಇಟ್ಟುಕೊಂಡಿದ್ದಳು. ತಿಂಗಳುಗಟ್ಟಲೆ ಆದಮೇಲೆ ನನ್ನ ಜೊತೆ ಮಾತಾಡಿದಳು. "ಯಾರಾದ್ರೂ ಬಂದ್ರಾ ಅಂತ ಕೇಳೋರು. ಇಲ್ಲ ಸಾಹೇಬ್ರೆ, ನಮ್ಮೋರು ಮಾತು ಕೊಟ್ಟರೆ ಕೊಟ್ಟ ಹಾಗೇ ಅಂತಿದ್ದೆ. ಎದೆ ತಟ್ಟಿ ಹೇಳ್ತಿದ್ದೆ ಅತ್ತಿಗೆ. ನಮ್ಮ ಮರ್ಯಾದೆ ಅಂದುಕೊಂಡಿದ್ದೆ." ಆಮೇಲೆ ಗಳಗಳ ಅತ್ತಳು. ನನಗೆ ಅವಳನ್ನ ಸಮಾಧಾನ ಮಾಡೋಕೆ ಬರಲಿಲ್ಲ, ಪಕ್ಕದಲ್ಲಿ ಕೂತೆ ಅಷ್ಟೇ.

ಓಣಿಯಲ್ಲಿ ಮನೆಮನೆಗೆ ಹೋಗಿ ಹೇಳಿದೆ. ಮೂಸಿಗೆ ಅನುಮಾನದ ಪಿತ್ತ ನೆತ್ತಿಗೇರಿದೆ ಅಂದರು. ಬೀಜ ಉದುರೋವರೆಗೂ ತಾಳು ಅಂದರು. ಅತ್ತೆ ಏನಂದಳು ಅಂತ ಕೇಳಿದರು. ಅತ್ತೆ ಬೇಡ ಅಂದಿದ್ದಳಲ್ಲ, ಬಾಗಿಲು ಹಾಕಿಕೊಂಡರು.

ಬೆಳಗ್ಗೆ ತುಕ್ಕು ಹಿಡಿದ ಕುಡುಗೋಲು ಮಸೆದೆ. "ಬೇಡ ಕಣೇ" ಅಂದ ಗಂಡ. "ನೀನು ಬೇಡ ಅನ್ನೋದನ್ನ ಬಿಟ್ಟು ಇನ್ನೇನಾದ್ರೂ ಯಾವತ್ತಾದ್ರೂ ಹೇಳಿದೀಯಾ?" ಅಂದು ಹೊರಟೆ.

ಅಗಳಿನ ಹತ್ತಿರ ನಾದಿನಿ ನಿಂತಿದ್ದಳು, ಕೋಟು ಹಾಕಿಕೊಂಡು. ಅವಳು ಅಡ್ಡ ಬರ್ತಾಳೆ ಅಂತಲೇ ನಾನು ಅಂದುಕೊಂಡೆ. ಬರಲಿಲ್ಲ. ಅಗಳಿಗೆ ಜಾರಿ, ಮಣ್ಣು ಬಗೆದು ಆಚೆ ಹತ್ತಿದೆ. ಹುಲ್ಲು ತಲೆ ಮುಚ್ಚಿತು. ಮೊದಲ ಹಿಡಿ ಹಿಡಿದಾಗ ಕೈ ಓಡಲಿಲ್ಲ. ತೆನೆ ಹಸಿರು, ತಣ್ಣಗೆ, ಹಿಚುಕಿದರೆ ಹಾಲು. ನನ್ನ ಜೀವಮಾನದಲ್ಲಿ ನಾನು ಬಾಣಂತಿ ಹುಲ್ಲು ಕೊಯ್ದೋಳಲ್ಲ. ಅಳು ಬಂತು, ಸಿಟ್ಟು ಬಂತು. ಕೊಯ್ದೆ. ಅಂಗೈ ಸೀಳಿತು. ಇನ್ನೊಂದು ಹಿಡಿ, ಇನ್ನೊಂದು. ರಸ್ತೆ ಕಡೆಗೆ ದಾರಿ ಮಾಡಿಕೊಂಡು ಕೊಯ್ತಾ ಹೋದೆ.

ಕಾರು ಬಂದ ಸದ್ದು ಆಯ್ತು. ಕಾರಿನ ಬಾಗಿಲು ಹಾಕಿದ ಸದ್ದಿನ ಹಿಂದೆಯೇ ಶಿಳ್ಳೆ. ನಾದಿನಿ ಊದಿದಳು. ಊದಿದಳು ಅಂದರೆ ಹಾಗೆ ಹೀಗಲ್ಲ, ಉಸಿರು ಕಟ್ಟೋವರೆಗೂ, ನಿಲ್ಲಿಸದೆ. ಮೂರು ವರ್ಷದಲ್ಲಿ ಅವಳು ಆ ಶಿಳ್ಳೆಯನ್ನ ಒಂದು ಸಲವೂ ಊದಿರಲಿಲ್ಲ. ಹಾಳಾದೋಳು ಹಿಡಿದುಕೊಟ್ಟಳು ಅಂದುಕೊಂಡೆ. ಆಮೇಲೆ ಅವಳ ಕೂಗು ಕೇಳಿಸಿತು.

"ಕಳ್ಳಿ ನುಗ್ಗಿದಾಳೆ ಮೇಡಂ! ದಿನಾ ನುಗ್ತಾರೆ! ಹಿಡಿದೂ ಹಿಡಿದೂ ನನಗೆ ಸಾಕಾಗಿಹೋಗಿದೆ!"

ನಾನು ಹುಲ್ಲು ಸರಿಸಿ ರಸ್ತೆಗೆ ಕಾಣೋ ಹಾಗೆ ನಿಂತೆ, ಕಂಕುಳಲ್ಲಿ ಹಸಿ ತೆನೆಯ ಕಟ್ಟು. ದಪ್ಪ ಕನ್ನಡಕದ ಮೇಡಂ ನನ್ನನ್ನ ನೋಡಿದಳು. ನಗು ಸಾಹೇಬನ ಮುಖದಲ್ಲಿ ಮೊದಲ ಸಲ ನಗು ಇರಲಿಲ್ಲ.

"ಏಯ್, ಯಾರೂ ಬರಲ್ಲ ಅಂತಿದ್ದೆಯಲ್ಲ?" ಅಂತ ನಾದಿನಿಗೆ ಹಲ್ಲು ಕಚ್ಚಿ ಕೇಳಿದ.

"ಯಾರೂ ಬರದಿದ್ರೆ ನನ್ನನ್ನ ಯಾಕೆ ಇಟ್ಕೊಂಡಿದೀರಿ ಸಾಹೇಬ್ರೆ? ಕಾಗೆ ಕಾಯೋಕಾ?"

ಎಂಥಾ ಸುಳ್ಳು! ಬಾಯಿ ಬಿಟ್ಟರೆ ನಿಜ ಬಿಟ್ಟು ಬೇರೆ ಬಾರದ ಹೆಂಗಸು, ಅಳುಕದೆ, ಕಣ್ಣು ಮಿಟುಕಿಸದೆ ಹೇಳಿದಳು. ಅವಳನ್ನ ಅಲ್ಲೇ ತಬ್ಬಿಕೊಳ್ಳೋಣ ಅನ್ನಿಸಿತು ನನಗೆ.

ಆದರೆ ಸಾಹೇಬ ಸಾಮಾನ್ಯನಲ್ಲ. ಚಣದಲ್ಲಿ ಸಾವರಿಸಿಕೊಂಡ. "ನೋಡಿದ್ರಲ್ಲ ಮೇಡಂ, ಹಸಿ ತೆನೆ ಕೊಯ್ದಿದಾಳೆ. ಬೀಜಕ್ಕೂ ಬಿಟ್ಟಿಲ್ಲ. ಇಂಥವರ ಕೈಗೆ ನೆಲ ಬಿಟ್ಟರೆ ಏನಾಗುತ್ತೆ? ಇದಕ್ಕೇ ಗೋಡೆ ಬೇಕು ಅನ್ನೋದು."

ಮುಟ್ಟದಿದ್ದರೆ ಬೇಡದವರು. ಮುಟ್ಟಿದರೆ ಹಾಳು ಮಾಡೋರು. ನನ್ನ ಮೈ ಉರಿದುಹೋಯ್ತು. "ಬಿಡು ಅಂದೋನು ನೀನು! ಬಿಟ್ಟಿದ್ದಕ್ಕೆ ದಿಕ್ಕಿಲ್ಲದ ನೆಲ ಅಂತ ಮಾರೋಕೆ ಹೊರಟೋನೂ ನೀನು! ನಿನ್ನ ಮೇಜಿನ ಕೆಳಗೆ ಒರೆಸಿದೋಳು ನಾನು, ಎಲ್ಲಾ ಕೇಳಿದೀನಿ!" ಅಂತ ಕಿರುಚಿದೆ. ಮೇಡಂ ಗಡಿಯಾರ ನೋಡಿಕೊಂಡಳು. ಸಾಹೇಬ ಫೋನು ತೆಗೆದ. ಪೊಲೀಸರು ಬಂದು ಕುಡುಗೋಲು ಕಿತ್ತುಕೊಂಡರು. ರಟ್ಟೆ ಹಿಡಿದು ಜೀಪಿಗೆ ತಳ್ಳಿದರು. ತೆನೆಯ ಕಟ್ಟು ನಾನು ಬಿಡಲಿಲ್ಲ. ಸಾಕ್ಷಿ ಅಂತ ಅವರೂ ಬಿಟ್ಟರು.

ಠಾಣೆಯ ಬೆಂಚಿನ ಮೇಲೆ ಕೂರಿಸಿದರು. ಮೇಜಿನ ಆಚೆ ಮೀಸೆಯ ಪೊಲೀಸ ಒಬ್ಬ ಹೆಸರು ಕೇಳಿದ, ಗಂಡನ ಹೆಸರು ಕೇಳಿದ. ಬರೆಯೋಕೆ ಪೆನ್ನು ಎತ್ತಿದ. ಅಷ್ಟರಲ್ಲಿ ಫೋನು ಬಂತು. ಹೂಂ ಸಾರ್, ಸರಿ ಸಾರ್, ಹಾಗೇ ಮಾಡ್ತೀನಿ ಸಾರ್. ಪೆನ್ನು ಕೆಳಗಿಟ್ಟ.

"ನಿನ್ನ ಅದೃಷ್ಟ ಚೆನ್ನಾಗಿದೆ ತಾಯಿ. ಸಾಹೇಬರು ದೊಡ್ಡ ಮನಸ್ಸು ಮಾಡಿದಾರೆ. ಕೇಸಿಲ್ಲ. ಹೋಗು."

ನಾನು ಎದ್ದೆ. ಬಾಗಿಲವರೆಗೂ ಹೋದೆ. ಅಲ್ಲಿ ಮೂಗಿಗೆ ಹೊಡೀತು ನೋಡಿ. ಈ ಸಲ ಎಲ್ಲಿಂದ ಅಂತ ಸ್ಪಷ್ಟ ಗೊತ್ತಾಯ್ತು. ಈಗಷ್ಟೇ ನನ್ನನ್ನ ಹಿಡಿಸಿದೋನು ಈಗ ಯಾಕೆ ಬಿಡಿಸ್ತಾನೆ? ಕೇಸು ಬರೆದರೆ ಎಲ್ಲಿ ಕೊಯ್ದಳು ಅಂತ ಬರೆಯಬೇಕು. ಯಾವತ್ತು ಕೊಯ್ದಳು ಅಂತ ಬರೆಯಬೇಕು. ಆ ನೆಲದಲ್ಲಿ ಒಬ್ಬಳು ಇದ್ದಳು ಅಂತ ಸರ್ಕಾರದ ಕಾಗದದಲ್ಲೇ ಕೂರುತ್ತೆ. ಅದಕ್ಕೇ ದೊಡ್ಡ ಮನಸ್ಸು!

ವಾಪಸ್ ಬಂದು ಬೆಂಚಿನ ಮೇಲೆ ಕೂತೆ. "ಹೋಗಲ್ಲ. ಕೇಸು ಬರಿ."

"ಏನು?"

"ಕಳ್ಳತನ ಮಾಡಿದೀನಿ. ಬರ್ಕೊ."

"ತಲೆ ಕೆಟ್ಟಿದೆಯಾ? ಕೇಸು ಹಾಕಿ ಅಂತ ಗೋಗರೆಯೋಳನ್ನ ನಾನು ಇವತ್ತೇ ನೋಡ್ತಿರೋದು."

"ಗೋಗರೀತಿಲ್ಲ. ಹೇಳ್ತಿದೀನಿ. ಬರೆಯೋವರೆಗೂ ಏಳಲ್ಲ."

ಅವನು ಬೈದ. ಹೊರಗೆ ದಬ್ಬಿದರು, ಮತ್ತೆ ಒಳಗೆ ಬಂದೆ. ಮತ್ತೆ ದಬ್ಬಿದರು, ಮಂಡಿ ತರಚಿತು, ಮತ್ತೆ ಬಂದೆ. ನೆಲ ಒರೆಸಿ ದಡ್ಡುಗಟ್ಟಿದ ಮಂಡಿ, ಅದಕ್ಕೆ ಅಷ್ಟು ಸುಲಭಕ್ಕೆ ನೋಯಲ್ಲ. ಕೊನೆಗೆ ಅವನಿಗೇ ಸುಸ್ತಾಯ್ತು. "ಒಬ್ಬಳು ಒಂದು ಕಟ್ಟು ಹುಲ್ಲು ಕೊಯ್ದರೆ ಅದೇನು ದೊಡ್ಡ ಕೇಸೇನಮ್ಮಾ," ಅಂದ, "ಮನೆಗೆ ಹೋಗಿ ಮಲಕ್ಕೋ."

ಆಗ ಬಾಗಿಲಲ್ಲಿ ನೆರಳಾಯಿತು. ಅತ್ತೆ. ಒಂದು ಕಡೆ ನನ್ನ ಗಂಡ, ಇನ್ನೊಂದು ಕಡೆ ಕೋಟು ಇಲ್ಲದ ನಾದಿನಿ ಅವಳ ರಟ್ಟೆ ಹಿಡಿದಿದ್ದರು. ಗೋಡೆ ಬೇಕು ಅಂತ ಸಾಹೇಬನೇ ಅಂದದ್ದನ್ನ ನಾದಿನಿ ಓಡಿಹೋಗಿ ಓಣಿಗೆಲ್ಲ ಹೇಳಿದ್ದಳಂತೆ. ಅತ್ತೆಯ ಕಾಲೆಲ್ಲ ಅಗಳಿನ ಕೆಸರು. ಎರಡೂ ಕೈಯಲ್ಲಿ ಒಂದು ಹಿಡಿ ಹಸಿ ತೆನೆ. ಬೆರಳುಗಳ ಸಂದಿಯಿಂದ ರಕ್ತ ಇಳಿದು ಮೊಳಕೈವರೆಗೂ ಒಣಗಿತ್ತು.

ಅವಳು ಆ ತೆನೆಯನ್ನ ಮೇಜಿನ ಮೇಲೆ ಇಟ್ಟಳು, ಮಗುವನ್ನ ಮಲಗಿಸೋ ಹಾಗೆ. "ಬಾಣಂತಿ ಮೇಲೆ ಕುಡುಗೋಲು ಹಾಕಿಬಿಟ್ಟೆ ಕಣೇ ಮೂಸಿ," ಅಂದಳು ನನಗೆ. ಕಣ್ಣೀರು ಸುರೀತಿತ್ತು, ಒರೆಸಿಕೊಳ್ಳಲಿಲ್ಲ. ಆಮೇಲೆ ಪೊಲೀಸನ ಕಡೆ ತಿರುಗಿದಳು. "ನನ್ನದೂ ಬರ್ಕೊಳಪ್ಪಾ. ನಾನೇ ಹೇಳಿ ಎಲ್ಲರ ಕೈಲೂ ಕೊಯ್ಸಿದೀನಿ."

ಅವಳ ಹಿಂದೆ ಓಣಿ ಬಂತು. ಬಾಗಿಲು ಹಾಕಿಕೊಂಡಿದ್ದ ಹೆಂಗಸರೆಲ್ಲ ಬಂದರು. ಒಬ್ಬೊಬ್ಬರೇ ಹಸಿ ತೆನೆ ತಂದು ನೆಲದ ಮೇಲೆ ಹಾಕಿದರು. ಕೊಳೆತುಹೋಗೋ ಹುಲ್ಲು, ಯಾರೂ ಕೊಳ್ಳದ ಹುಲ್ಲು. ಹಾಕಿದವರು ಗೋಡೆಗೆ ಒರಗಿ ಕೂತರು. ನನ್ನ ಗಂಡ ಕೂಡ ಕೂತ. ಅವನ ಅಂಗೈಯೂ ಸೀಳಿತ್ತು. ಹುರಿ ಕಟ್ಟೋ ಗಂಡಸು, ಕುಡುಗೋಲು ಹಿಡಿಯೋಕೆ ಬರಲ್ಲ ಅವನಿಗೆ.

ಮತ್ತೆ ಫೋನು ಹೊಡೆದುಕೊಂಡಿತು. ಪೊಲೀಸ ಫೋನು ನೋಡಿದ, ನಮ್ಮನ್ನ ನೋಡಿದ, ಕಾಲಿಡೋಕೆ ಜಾಗ ಇಲ್ಲದ ನೆಲ ನೋಡಿದ. ಫೋನು ಎತ್ತಲಿಲ್ಲ. ಏನಂದುಕೊಂಡನೋ ನನಗೆ ಗೊತ್ತಿಲ್ಲ, ಅವನನ್ನ ನಾನು ನಂಬಲೂ ಇಲ್ಲ. ಪೆನ್ನು ತಗೊಂಡು ಬರೆಯೋಕೆ ಶುರು ಮಾಡಿದ. ನಿಧಾನಕ್ಕೆ ಬರೆದ. ಬರೆದು, ಹೆಬ್ಬೆಟ್ಟಿಗೆ ಶಾಯಿ ಡಬ್ಬಿ ನನ್ನ ಕಡೆ ತಳ್ಳಿದ.

"ಮೊದಲು ಓದು," ಅಂದೆ.

"ನೀನು ಹೇಳಿದ್ದೇ ಬರ್ದಿದೀನಿ."

"ಓದು."

ಅವನು ಉಸಿರು ಬಿಟ್ಟು ಓದಿದ. "ಈ ದಿನ ಬೆಳಗ್ಗೆ ಸದರಿ ಹೆಂಗಸು, ಕಾಲುವೆಯಾಚೆಯ ಖಾಲಿ ಜಾಗಕ್ಕೆ ಅಕ್ರಮವಾಗಿ ಪ್ರವೇಶಿಸಿ ಹುಲ್ಲು ಕಳ್ಳತನ ಮಾಡಿ..."

"ನಿಲ್ಸು."

ನಾನು ಎದ್ದು ಮೇಜಿನ ಹತ್ತಿರ ಹೋದೆ. ಓದೋಕೆ ಬರಲ್ಲ ನನಗೆ. ಅವನ ಬೆರಳನ್ನೇ ಹಿಡಿದು ಕಾಗದದ ಮೇಲೆ ಇಟ್ಟು, ಆ ಮಾತು ಎಲ್ಲಿದೆ ತೋರಿಸು ಅಂದೆ. ತೋರಿಸಿದ.

"ಅಕ್ರಮ ಇರಲಿ," ಅಂದೆ. "ಕಳ್ಳತನವೂ ಇರಲಿ. ಖಾಲಿ ಅನ್ನೋದನ್ನ ಹೊಡೆದುಹಾಕು."